ಮಾಗಲಿಟ್ಟ ಶುಂಠಿ ಬಿಯರ್ ಬಾಟಲಿಗಳು ನಡುರಾತ್ರಿ ಸಿಡಿದವು: ನಮ್ಮೂರ ಬಿಸಿಲಿನಲ್ಲಿ ಇವನ್ನು ಇಡುವುದು ಹೇಗೆ?

ವಿದ್ಯಾನಗರದ ಗೃಹಿಣಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮೊನ್ನೆ ಗುರುವಾರ ರಾತ್ರಿ ಎರಡೂವರೆಯ ಹೊತ್ತಿಗೆ ನಮ್ಮ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಲಕ್ಷ್ಮೀ ಪಟಾಕಿ ಹೊಡೆದಂತೆ ಸದ್ದಾಯಿತು. ಗ್ಯಾಸ್ ಸಿಲಿಂಡರಿಗೇ ಏನೋ ಆಯಿತೆಂದು ಎಲ್ಲರೂ ಹೊರಗೆ ಓಡಿದೆವು. ಸ್ವಲ್ಪ ಹೊತ್ತಿನ ಮೇಲೆ ಬ್ಯಾಟರಿ ಬಿಟ್ಟು ನೋಡಿದರೆ, ಮಾಗಲೆಂದು ನಾನು ಇಟ್ಟಿದ್ದ ಹನ್ನೆರಡು ಶುಂಠಿ ಬಿಯರ್ ಬಾಟಲಿಗಳಲ್ಲಿ ಮೂರು ಒಡೆದಿದ್ದವು. ಒಂದರ ತಳ ಇಟ್ಟ ಜಾಗದಲ್ಲೇ ಕೂತಿತ್ತು. ಕುತ್ತಿಗೆ ಮಾತ್ರ ಮುಚ್ಚಳವನ್ನು ಕಚ್ಚಿಕೊಂಡ ಹಾಗೆಯೇ ಹಾರಿ ಎದುರಿನ ರವೆ ಚೀಲದೊಳಗೆ ಹೂತುಕೊಂಡಿತ್ತು.

ನಾನು ಮಾಡಿದ್ದಿಷ್ಟು. ಶುಂಠಿ ತುರಿ, ಸಕ್ಕರೆ, ನೀರು ಸೇರಿಸಿ ಒಂದು ವಾರ ಹುದುಗು ಬರಿಸಿದೆ. ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿ ಕುದಿಸಿ ಆರಿಸಿದ ಶುಂಠಿ ನೀರಿಗೆ ನಿಂಬೆರಸ ಮತ್ತು ಆ ಹುದುಗನ್ನು ಬೆರೆಸಿ, ಮೂರು ದಿನ ಭರಣಿಯಲ್ಲಿ ಬಟ್ಟೆ ಕಟ್ಟಿ ಇಟ್ಟೆ. ಬುರುಗು ಚೆನ್ನಾಗಿ ಬಂದ ಮೇಲೆ, ಗುಜರಿ ಅಂಗಡಿಯಿಂದ ತಂದು ಬಿಸಿನೀರಿನಲ್ಲಿ ತೊಳೆದಿದ್ದ 650 ಮಿ.ಲೀ. ಕಂದು ಬಿಯರ್ ಬಾಟಲಿಗಳಿಗೆ ತುಂಬಿ ಮುಚ್ಚಳ ಒತ್ತಿದೆ. ಇಂಗ್ಲೆಂಡಿನಲ್ಲಿರುವ ನನ್ನ ಮೈದುನ ಮನೆಯಲ್ಲೇ ಬಿಯರ್ ಮಾಡುತ್ತಾನೆ. “ಅತ್ತಿಗೆ, ಬಾಟಲಿಗೆ ಹಾಕಿದ ಮೇಲೆ ಎರಡು ವಾರ ಹೊರಗೇ ಇಡಿ, ಆಮೇಲೆ ಫ್ರಿಜ್ಜಿಗೆ ಹಾಕಿ” ಎಂದು ಅವನು ಹೇಳಿದ್ದನ್ನೇ ಪಾಲಿಸಿದೆ. ಒಡೆದದ್ದು ಐದನೆಯ ರಾತ್ರಿ.

ಇದು ಬಿಸಿಲಿನ ದೋಷವೋ, ಹಳೆಯ ಬಾಟಲಿಯದೋ, ನನ್ನದೋ? ಉಳಿದ ಒಂಬತ್ತನ್ನು ಏನು ಮಾಡಲಿ? ಉಗ್ರಾಣದ ಬಾಗಿಲು ಹಾಕಿದ್ದೇನೆ, ಅಕ್ಕಿ ತೆಗೆಯುವುದಕ್ಕೂ ಯಾರೂ ಒಳಗೆ ಹೋಗುತ್ತಿಲ್ಲ.

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಬಾಟಲಿಯ ವಿಚಾರ ತಿಳಿದವರು ಹೇಳಲಿ. ಆ ರವೆಯನ್ನು ಮಾತ್ರ ಜರಡಿ ಹಿಡಿದು ಉಳಿಸಿಕೊಳ್ಳಲು ಹೋಗಬೇಡಿ ಅಕ್ಕಾ, ಚೀಲದ ಸಮೇತ ಎಸೆದುಬಿಡಿ.

ಹೊಳೆದಂಡೆ (ಹರಿಹರ)

ಇದರಲ್ಲಿ ಅನುಮಾನವೇ ಬೇಡ, ಬಿಸಿಲೇ ಕಾರಣ. ನಾನು ಎಂಟು ವರ್ಷಗಳಿಂದ ಇದೇ ಅಳತೆಯಲ್ಲಿ, ಅದೂ ಚಮಚದ ಲೆಕ್ಕದಲ್ಲಿ ಮಾಡುತ್ತಿದ್ದೇನೆ. ಒಂದು ಬಾಟಲಿಯೂ ಒಡೆದಿಲ್ಲ. ಏಪ್ರಿಲ್ ತಿಂಗಳಲ್ಲಿ ಮಾಡಬಾರದು, ಅಷ್ಟೇ.

ಎರಡು ಮ್ಯಾಂಚೆಸ್ಟರ್

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹುಟ್ಟಿ, ಈಗ ನಿಜವಾದ ಮ್ಯಾಂಚೆಸ್ಟರಿನಲ್ಲಿ ಇರುವವನು ನಾನು; ಹೆಸರು ಹಾಗೆ ಬಂತು. ಇಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು 1963ರಿಂದ ಪರವಾನಗಿಯ ಅಗತ್ಯವಿಲ್ಲ, ಹಾಗಾಗಿ ಹತ್ತು ವರ್ಷದಿಂದ ನನ್ನದೂ ಅದೇ ಹವ್ಯಾಸ.

ಮೇಡಂ, ನಿಮ್ಮ ಮೈದುನ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬಿಯರಿಗೆ ಹೇಳಿದ ಮಾತು. ನೀವು ಅದನ್ನು ಶುಂಠಿ ಬಿಯರಿಗೆ ಹಚ್ಚಿದಿರಿ. ಹೆಸರು ಒಂದೇ ಆದರೂ ಬಾಟಲಿಯೊಳಗೆ ನಡೆಯುವ ಕೆಲಸ ಬೇರೆ. ನಾವು ಬಾರ್ಲಿ ಮಾಲ್ಟಿನ ರಸವನ್ನು ಯೀಸ್ಟ್ ಹಾಕಿ ಒಂದೆರಡು ವಾರ ದೊಡ್ಡ ಪಾತ್ರೆಯಲ್ಲೇ ಹುದುಗಲು ಬಿಡುತ್ತೇವೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದಾಗ ಮೊದಲ ದಿನ 1.045 ಇದ್ದ ಅಂಕಿ ಕ್ರಮೇಣ 1.010ರ ಹತ್ತಿರಕ್ಕೆ ಬಂದು, ಮೂರು ದಿನ ಒಂದೇ ಕಡೆ ನಿಂತರೆ ಮಾತ್ರ ಬಾಟಲಿಯ ಯೋಚನೆ. ಅಂದರೆ ಯೀಸ್ಟ್ ತಿನ್ನಬಲ್ಲ ಸಕ್ಕರೆಯೆಲ್ಲ ಮುಗಿದಿದೆ ಎಂದರ್ಥ. ಆಗ ಲೀಟರಿಗೆ 6 ಗ್ರಾಂ ಆಸುಪಾಸು ಸಕ್ಕರೆಯನ್ನು ತೂಗಿ, ಸ್ವಲ್ಪ ನೀರಿನಲ್ಲಿ ಕುದಿಸಿ ಆರಿಸಿ, ಇಡೀ ಪಾತ್ರೆಗೆ ಬೆರೆಸಿ ತುಂಬುತ್ತೇವೆ. ಆ 6 ಗ್ರಾಮನ್ನು ಯೀಸ್ಟ್ ತಿಂದು ಮುಗಿಸಿದ ಮೇಲೆ ಬಾಟಲಿಯಲ್ಲಿ ತಿನ್ನಲು ಏನೂ ಇರುವುದಿಲ್ಲವಾದ್ದರಿಂದ ಗ್ಯಾಸು ಅಲ್ಲಿಗೇ ನಿಲ್ಲುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಅದಕ್ಕೆ ಎರಡು ವಾರ ಬೇಕು.

ನೀವು 100 ಗ್ರಾಂ ಹಾಕಿ ಮೂರೇ ದಿನಕ್ಕೆ ಮುಚ್ಚಳ ಒತ್ತಿದ್ದೀರಿ. ಸಿಹಿ ಇತ್ತೋ ಇಲ್ಲವೋ, ರುಚಿ ನೋಡಿದ್ದಿರಾ?

ವಿದ್ಯಾನಗರದ ಗೃಹಿಣಿ

ಸಿಹಿ ಚೆನ್ನಾಗಿಯೇ ಇತ್ತು. ಸಿಹಿ ಇರಲಿ ಎಂದೇ ಮೂರು ದಿನಕ್ಕೆ ನಿಲ್ಲಿಸಿದ್ದು.

ನಿವೃತ್ತ ರಸಾಯನ ಮೇಷ್ಟ್ರು (ಚಿತ್ರದುರ್ಗ)

ನೀವು ನಿಲ್ಲಿಸಲಿಲ್ಲ ತಾಯಿ, ಮುಚ್ಚಿದಿರಿ. ಯೀಸ್ಟಿಗೆ ಅದರ ವ್ಯತ್ಯಾಸ ತಿಳಿಯದು.

ಲೆಕ್ಕ ಹೀಗಿದೆ. ಒಂದು ಲೀಟರಿನಲ್ಲಿ ಸುಮಾರು 4 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 2 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹಿಗ್ಗಲು ಬಿಟ್ಟರೆ ಅದು ಸರಿಸುಮಾರು ಒಂದು ಲೀಟರಿನಷ್ಟು ಗ್ಯಾಸು. ಇದನ್ನೇ ಬಿಯರ್ ಮಾಡುವವರು ಒಂದು ‘ವಾಲ್ಯೂಮ್’ ಎನ್ನುತ್ತಾರೆ. ಸಾಮಾನ್ಯ ಬಿಯರಿನಲ್ಲಿ ಎರಡೂವರೆ ವಾಲ್ಯೂಮ್ ಇದ್ದರೆ, ಶಾಂಪೇನಿನಲ್ಲಿ ಆರರ ಹತ್ತಿರ ಇರುತ್ತದೆ. ಶಾಂಪೇನ್ ಬಾಟಲಿಯ ಗಾಜು ಅಷ್ಟು ದಪ್ಪ, ತಳ ಒಳಕ್ಕೆ ತಗ್ಗು, ಬಿರಡೆಗೆ ತಂತಿಯ ಕಟ್ಟು ಇರುವುದು ಅದಕ್ಕೇ. ನಿಮ್ಮ ಭರಣಿಯಲ್ಲಿ ಅರ್ಧ ಸಕ್ಕರೆ ಖರ್ಚಾಗಿತ್ತೆಂದೇ ಇಟ್ಟುಕೊಳ್ಳೋಣ. ಉಳಿದ 50 ಗ್ರಾಂ ಪೂರ್ತಿ ಹುದುಗಿದರೆ ಹನ್ನೆರಡು ವಾಲ್ಯೂಮ್ ದಾಟುತ್ತದೆ. ಅಲ್ಲಿಗೆ ಹೋಗುವ ಮುಂಚೆಯೇ ಗಾಜು ಕೈಕೊಟ್ಟಿದೆ.

ಹರಿಹರದ ಮಿತ್ರರು ಹೇಳಿದಂತೆ ಬಿಸಿಲಿನ ಪಾತ್ರವೂ ಇದೆ, ಆದರೆ ಅದು ಎರಡನೆಯ ಆರೋಪಿ. ಎರಡೂವರೆ ವಾಲ್ಯೂಮ್ ಇರುವ ಸರಿಯಾದ ಬಾಟಲಿಯನ್ನೇ ತೆಗೆದುಕೊಳ್ಳಿ. 5 ಡಿಗ್ರಿಯ ಫ್ರಿಜ್ಜಿನಲ್ಲಿ ಅದರೊಳಗಿನ ಒತ್ತಡ ಸುಮಾರು 11 ಪಿಎಸ್‌ಐ, 20 ಡಿಗ್ರಿಯಲ್ಲಿ 27, ನಮ್ಮ 38 ಡಿಗ್ರಿಯ ಮಧ್ಯಾಹ್ನದಲ್ಲಿ 50ರ ಆಸುಪಾಸು. ನಿಮ್ಮ ಕಾರಿನ ಟೈರಿಗೆ ತುಂಬುವುದು 32. ಅಂದರೆ ಯಾರ ತಪ್ಪೂ ಇಲ್ಲದ ಬಾಟಲಿಯೂ ಚೈತ್ರ-ವೈಶಾಖದಲ್ಲಿ ನಮ್ಮ ಉಗ್ರಾಣದಲ್ಲಿ ಕೂತರೆ ಟೈರಿಗಿಂತ ಬಿಗಿಯಾಗಿರುತ್ತದೆ.

ಹೊಳೆದಂಡೆ (ಹರಿಹರ)

ಮೇಷ್ಟ್ರೇ, ಲೆಕ್ಕ ಸರಿ ಇರಬಹುದು. ಹಾಗಾದರೆ ನನ್ನವು ಎಂಟು ವರ್ಷ ಏಕೆ ಒಡೆಯಲಿಲ್ಲ?

ಎರಡು ಮ್ಯಾಂಚೆಸ್ಟರ್

ಎಷ್ಟು ದಿನಕ್ಕೆ ಕುಡಿದು ಮುಗಿಸುತ್ತೀರಿ ಅಣ್ಣಾ?

ಹೊಳೆದಂಡೆ (ಹರಿಹರ)

ಎರಡನೆಯ ದಿನ ಎಲ್ಲವೂ ಫ್ರಿಜ್ಜಿಗೆ ಹೋಗುತ್ತವೆ. ಮನೆಯಲ್ಲಿ ಹುಡುಗರಿದ್ದಾರೆ, ಐದನೆಯ ದಿನಕ್ಕೆ ಒಂದೂ ಉಳಿಯುವುದಿಲ್ಲ.

ನಿವೃತ್ತ ರಸಾಯನ ಮೇಷ್ಟ್ರು (ಚಿತ್ರದುರ್ಗ)

ಉತ್ತರವನ್ನು ನೀವೇ ಕೊಟ್ಟಿರಿ. ನಿಮ್ಮ ಬಾಟಲಿಗಳನ್ನು ಕಾಪಾಡಿದ್ದು ಚಮಚವಲ್ಲ, ಹುಡುಗರು.

ಕಾನೂನು ಓದಿದವ (ದಾವಣಗೆರೆ)

ಯಾರೂ ಹೇಳದಿರುವುದರಿಂದ ನಾನು ಹೇಳಬೇಕಾಗಿದೆ. ಇಂಗ್ಲೆಂಡಿನ ನಿಯಮ ಇಂಗ್ಲೆಂಡಿನಲ್ಲಿ. ಇಲ್ಲಿ ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಬಳಕೆಗೆ ಎಂದರೂ ಮಾಲ್ಟಿನ ಬಿಯರ್ ಮಾಡಲು ಹೊರಡಬೇಡಿ. ಓದುಗರಲ್ಲಿ ಯಾರಾದರೂ ಹುರುಪಿನಲ್ಲಿ ಹೈಡ್ರೋಮೀಟರ್ ತರಿಸುವ ಮುಂಚೆ ಇದು ತಿಳಿದಿರಲಿ.

ಬಸವನ ಬಾಲ

ಶುಂಠಿ ಬಿಯರಿಗೆ ಅದು ಅನ್ವಯಿಸುವುದಿಲ್ಲ ಸ್ವಾಮಿ, ಅದು ಬರೀ ಶರಬತ್ತು. ಸುಮ್ಮನೆ ಹೆದರಿಸಬೇಡಿ.

ನಿವೃತ್ತ ರಸಾಯನ ಮೇಷ್ಟ್ರು (ಚಿತ್ರದುರ್ಗ)

ಬರೀ ಶರಬತ್ತು ಬಾಟಲಿ ಒಡೆಯುವುದಿಲ್ಲವಲ್ಲ. ಎಲ್ಲಿ ಗ್ಯಾಸು ಹುಟ್ಟಿತೋ ಅಲ್ಲಿ ಅಷ್ಟೇ ತೂಕದ ಮದ್ಯಸಾರವೂ ಹುಟ್ಟಿದೆ; ಒಂದೇ ಸಕ್ಕರೆಯ ಎರಡು ಪಾಲು ಅವು. 100 ಗ್ರಾಂ ಪೂರ್ತಿ ಹುದುಗಿದರೆ ಶೇ 6 ದಾಟುತ್ತದೆ, ಅಂದರೆ ಅಂಗಡಿಯ ಬಿಯರಿಗೆ ಸರಿಸಮ. ಎರಡು ದಿನಕ್ಕೆ ಫ್ರಿಜ್ಜಿಗೆ ಹೋದರೆ ಅಷ್ಟು ಆಗದು. ಆದರೆ ‘ಶುಂಠಿಯದು, ಆದ್ದರಿಂದ ನಿರಪಾಯ’ ಎಂಬ ಮಾತಿಗೆ ಅರ್ಥವಿಲ್ಲ.

ವಿದ್ಯಾನಗರದ ಗೃಹಿಣಿ

ಅಯ್ಯೋ ದೇವರೇ. ನಮ್ಮ ಅತ್ತೆಯವರು ಇದನ್ನು ಕಷಾಯದ ತಂಗಿ ಎಂದುಕೊಂಡು ಸೋಮವಾರದ ಉಪವಾಸದಲ್ಲೂ ಒಂದು ಲೋಟ ಕುಡಿಯುತ್ತಾರೆ. ಮಧ್ಯಾಹ್ನ ಬಹಳ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ಹೊಗಳುತ್ತಲೂ ಇದ್ದರು.

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಈ ಸಂಗತಿ ಅತ್ತೆಯವರಿಗೆ ತಿಳಿಯದಿರುವುದೇ ಮನೆಗೆ ಕ್ಷೇಮ.

ಎರಡು ಮ್ಯಾಂಚೆಸ್ಟರ್

ಮೊದಲು ಆ ಒಂಬತ್ತು ಬಾಟಲಿಗಳ ವಿಚಾರಕ್ಕೆ ಬರೋಣ, ಅದು ತುರ್ತು. ಬರಿಗೈಯಲ್ಲಿ ಮುಟ್ಟಬೇಡಿ, ಅಲುಗಿಸಬೇಡಿ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು, ದಪ್ಪ ಜಾಕೆಟ್ ಮತ್ತು ಕೈಗವಸು ಹಾಕಿಕೊಂಡು, ಬೆಳಗಿನ ಜಾವ ತಂಪಿದ್ದಾಗ ಹೋಗಿ. ಬಾಟಲಿಗಳ ಮೇಲೆ ಮೊದಲು ಒದ್ದೆ ಗೋಣಿಚೀಲ ಹೊದಿಸಿ, ಕೆಲವು ಗಂಟೆ ಬಿಟ್ಟು, ಒಂದೊಂದನ್ನೇ ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಮುಚ್ಚಳವಿರುವ ಗಟ್ಟಿ ಡಬ್ಬದಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿ. ತಣಿದಂತೆ ಗ್ಯಾಸು ದ್ರವದೊಳಗೆ ಇಳಿದು ಒತ್ತಡ ಕಡಿಮೆಯಾಗುತ್ತದೆ. ಒಂದು ರಾತ್ರಿ ಕಳೆದ ಮೇಲೆ ಹಿತ್ತಲಿನಲ್ಲಿ, ಟವೆಲ್ ಸುತ್ತಿದ ಹಾಗೆಯೇ, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಎತ್ತಿ. ಮಕ್ಕಳು ಹತ್ತಿರ ಸುಳಿಯಬಾರದು.

ಬಿಸಿಲಿಗೆ ಇಟ್ಟು ‘ಪರೀಕ್ಷೆ’ ಮಾಡಬೇಡಿ. ಹಾಗೆ ಮಾಡಿದವರನ್ನು ನೋಡಿದ್ದೇನೆ.

ಜಗಳೂರಿನ ಜೋಳ

ಇಷ್ಟೆಲ್ಲ ಕಷ್ಟವೇಕೆ? ನಮ್ಮ ಕಡೆ ಹಳೆಯ ಮನೆಗಳಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಎಂಬ ಗುಂಡಿಗಳು ಇದ್ದವು. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಂಪು. ಬಾಟಲಿಗಳನ್ನು ಅಂಥ ಕಡೆ ಇಳಿಸಿಟ್ಟರೆ ಮೈದುನನ ಇಂಗ್ಲೆಂಡು ನಮ್ಮ ಅಂಗಳದಲ್ಲೇ ಸಿಗುತ್ತದೆ.

ನಿವೃತ್ತ ರಸಾಯನ ಮೇಷ್ಟ್ರು (ಚಿತ್ರದುರ್ಗ)

ಇದನ್ನು ಖಂಡಿತ ಮಾಡಬೇಡಿ. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ತುಂಬಿದ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ. ಹುದುಗುವ ಭರಣಿಯಿಂದ ಬರುವುದೂ ಅದೇ ಗ್ಯಾಸು. ಹುದುಗುವ ಪದಾರ್ಥವನ್ನು ಗುಂಡಿಯೊಳಗೆ ಇಡುವ ಸಲಹೆಯನ್ನು ನಮ್ಮ ಅಜ್ಜಂದಿರು ಕೇಳಿದ್ದರೆ ಬೈಯುತ್ತಿದ್ದರು.

ಕೋಟೆಯ ಕೆಳಗಿನವ (ಚಿತ್ರದುರ್ಗ)

ತಂಪಿನ ಮಾತು ಬಂದದ್ದರಿಂದ ನನ್ನ ಪದ್ಧತಿ ಹೇಳುತ್ತೇನೆ. ದುರ್ಗದ ಗಾಳಿ ಒಣಗಾಳಿ. ಅದು ನಮ್ಮ ಶತ್ರುವಲ್ಲ, ಮಡಕೆಯ ನೀರನ್ನು ತಣಿಸುವುದು ಅದೇ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಗೇಣುದ್ದ ನೀರು ನಿಲ್ಲಿಸಿ, ಬಾಟಲಿಗಳನ್ನು ನೆಟ್ಟಗೆ ಇಟ್ಟು, ಗೋಣಿಚೀಲ ಹೊದಿಸಿ ಅದರ ಅಂಚು ನೀರಿನಲ್ಲಿ ಮುಳುಗಿರುವಂತೆ ಬಿಡುತ್ತೇನೆ. ಗೋಣಿ ತಾನೇ ನೀರು ಹೀರಿಕೊಳ್ಳುತ್ತದೆ, ಗಾಳಿ ಅದನ್ನು ಆರಿಸುತ್ತದೆ. ಹೋದ ವರ್ಷ ಮೇ ತಿಂಗಳಲ್ಲಿ ಕೋಣೆ 38 ತೋರಿಸುತ್ತಿದ್ದಾಗ ಟಬ್ಬಿನ ನೀರು 28-29ರಲ್ಲಿ ಇರುತ್ತಿತ್ತು. ಕರೆಂಟು ಹೋದಾಗ ಫ್ರಿಜ್ಜು ಕೈಬಿಟ್ಟರೂ ಇದು ಬಿಡುವುದಿಲ್ಲ. ಮಳೆಗಾಲ ಹಿಡಿದು ಗಾಳಿ ತೇವವಾದರೆ ಮಾತ್ರ ಗುಣ ಕಡಿಮೆ. ಒಡೆದರೂ ಚೂರುಗಳು ಗೋಣಿಯೊಳಗೇ ಉಳಿಯುತ್ತವೆ ಎಂಬುದು ಇನ್ನೊಂದು ಅನುಕೂಲ.

ಕೋಟೆಯೊಳಗಿನ ತಣ್ಣೀರು ದೋಣಿ ಎಂಬ ನೀರಿನ ಹೊಂಡದಲ್ಲಿ ಮುಳುಗಿಸಿಡೋಣವೇ ಎಂದು ನನ್ನ ಗೆಳೆಯನೊಬ್ಬ ಕೇಳಿದ್ದ. ಕಾವಲುಗಾರರು ಮೊದಲು ಅವನನ್ನು ಮುಳುಗಿಸುತ್ತಾರೆ ಎಂದೆ.

ಬಸವನ ಬಾಲ

ಬಾಟಲಿಯನ್ನು ನೆಟ್ಟಗೆ ಏಕೆ ಇಡಬೇಕು? ವೈನ್ ಬಾಟಲಿಗಳನ್ನು ಮಲಗಿಸಿಡುತ್ತಾರಲ್ಲ? ಕಂದು ಗಾಜೇ ಬೇಕು ಎಂದೂ ಓದಿದ್ದೇನೆ. ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ?

ಎರಡು ಮ್ಯಾಂಚೆಸ್ಟರ್

ವೈನಿಗೆ ಕಾರ್ಕ್ ಬಿರಡೆ ಒಣಗಬಾರದೆಂದು ಮಲಗಿಸುತ್ತಾರೆ. ಕ್ರೌನ್ ಮುಚ್ಚಳಕ್ಕೆ ಆ ಚಿಂತೆಯಿಲ್ಲ. ನೆಟ್ಟಗಿಟ್ಟರೆ ಯೀಸ್ಟಿನ ಗಷ್ಟು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ; ಬಗ್ಗಿಸುವಾಗ ಕೊನೆಯ ಬೆರಳಗಲವನ್ನು ಬಾಟಲಿಯಲ್ಲೇ ಬಿಟ್ಟರೆ ಲೋಟ ತಿಳಿಯಾಗಿರುತ್ತದೆ.

ಕಂದು ಗಾಜಿನ ಅಗತ್ಯವಿರುವುದು ಹಾಪ್ಸ್ ಹೂವು ಹಾಕಿದ ಬಿಯರಿಗೆ. ಬೆಳಕು ತಾಗಿದರೆ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ಕೆಟ್ಟ ವಾಸನೆ ಬರುತ್ತದೆ. ಹಸಿರು ಮತ್ತು ಬಿಳಿ ಗಾಜು ಆ ಬೆಳಕನ್ನು ತಡೆಯುವುದಿಲ್ಲ. ಶುಂಠಿಯಲ್ಲಿ ಹಾಪ್ಸ್ ಇಲ್ಲವಾದ್ದರಿಂದ ಬಣ್ಣದ ಗೊಡವೆ ಬೇಡ. ನಾನು ಹೇಳುವುದಾದರೆ ಗಾಜೇ ಬೇಡ. ತಂಪು ಪಾನೀಯ ಬರುವ ಪ್ಲಾಸ್ಟಿಕ್ ಬಾಟಲಿ ಸಾಕು. ಬೆರಳಲ್ಲಿ ಒತ್ತಿ ನೋಡಿದರೆ ಒಳಗೆ ಎಷ್ಟು ಗ್ಯಾಸಿದೆ ಎಂದು ತಿಳಿಯುತ್ತದೆ, ಒಡೆದರೂ ರವೆ ಚೀಲ ಉಳಿಯುತ್ತದೆ.

ಬೆಲ್ಲವೂ ಹುದುಗುತ್ತದೆ, ಆದರೆ ಅದರಲ್ಲಿ ನೀರಿನಂಶ ಅಚ್ಚಿನಿಂದ ಅಚ್ಚಿಗೆ ಬೇರೆ ಇರುವುದರಿಂದ 6 ಗ್ರಾಮಿನಂಥ ಸಣ್ಣ ಲೆಕ್ಕಕ್ಕೆ ನಂಬುವಂತಿಲ್ಲ.

ಸೋಡಾ ಅಂಗಡಿಯವನ ಮಗ (ದಾವಣಗೆರೆ)

ಪ್ಲಾಸ್ಟಿಕ್ಕೇ ಏಕೆ, ಗೋಲಿ ಸೋಡಾ ಬಾಟಲಿ ಏಕಾಗಬಾರದು ಎಂದು ಇಷ್ಟರಲ್ಲೇ ಯಾರಾದರೂ ಕೇಳುತ್ತೀರಿ. ಆ ಬಾಟಲಿಗಳ ನಡುವೆಯೇ ಬೆಳೆದವನಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಆಗುವುದಿಲ್ಲ. 1872ರಲ್ಲಿ ಹಿರಾಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ಆ ವಿನ್ಯಾಸದಲ್ಲಿ ಗೋಲಿಯನ್ನು ಮೇಲಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುವುದು ಒಳಗಿನ ಗ್ಯಾಸೇ. ತುಂಬುವಾಗಲೇ ಗ್ಯಾಸು ಇರಬೇಕು. ಅದಕ್ಕೇ ಯಂತ್ರದಲ್ಲಿ ಬಾಟಲಿಯನ್ನು ತಲೆಕೆಳಗು ಮಾಡಿ ತುಂಬುತ್ತಿದ್ದದ್ದು. ನಿಧಾನವಾಗಿ ಗ್ಯಾಸು ಹುಟ್ಟುವ ನಿಮ್ಮ ಶುಂಠಿ ನೀರಿನಲ್ಲಿ ಗೋಲಿ ಕುತ್ತಿಗೆಯ ಇಕ್ಕಟ್ಟಿನಲ್ಲೇ ಕೂತು ನಿದ್ದೆ ಮಾಡುತ್ತದೆ, ಗ್ಯಾಸು ಹೊರಗೆ ಹೋಗುತ್ತದೆ. ಅಪ್ಪನ ಎಡಗೈ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಒಂದು ಬಿಳಿಯ ಗಾಯದ ಗೆರೆಯಿತ್ತು. ತುಂಬುವಾಗ ಒಡೆದ ಬಾಟಲಿಯ ಗುರುತು ಅದು.

ನನಗೆ ಹೊಳೆದದ್ದು ಬೇರೆ. ನಮ್ಮ ಅಂಗಡಿಯಲ್ಲಿ ಸೋಡಾಕ್ಕೆ ಎಂದೂ ಸಕ್ಕರೆ ಬೆರೆಸುತ್ತಿರಲಿಲ್ಲ. ಶರಬತ್ತು ಬೇರೆ ಸೀಸೆಯಲ್ಲಿ ಇರುತ್ತಿತ್ತು. ಗಿರಾಕಿ ಬಂದಾಗ ಲೋಟಕ್ಕೆ ಮೊದಲು ಶರಬತ್ತು, ಆಮೇಲೆ ಓರೆಯಾಗಿ ಸೋಡಾ. ಸಿಹಿಯನ್ನೆಲ್ಲ ಬಾಟಲಿಯೊಳಗೇ ಏಕೆ ಇಡಬೇಕು ಅಕ್ಕಾ? ಬಾಟಲಿಯಲ್ಲಿ ಗ್ಯಾಸಿಗೆ ಬೇಕಾದಷ್ಟೇ ಸಕ್ಕರೆ ಇದ್ದರೆ ಸಾಲದೇ?

ನಿವೃತ್ತ ರಸಾಯನ ಮೇಷ್ಟ್ರು (ಚಿತ್ರದುರ್ಗ)

ಭೇಷ್! ಇಷ್ಟು ಹೊತ್ತು ನಾವು ಲೆಕ್ಕ ಮಾಡಿದ್ದು ಇದು ಹೊಳೆಯದೆಯೇ. ಹುದುಗಿನಲ್ಲಿ ಉಳಿದಿರುವುದೂ ಸೇರಿ ಲೀಟರಿಗೆ ಒಟ್ಟು 8 ಗ್ರಾಂ ಸಕ್ಕರೆ ಇರಲಿ. ಅದು ಪೂರ್ತಿ ಹುದುಗಿದರೂ ಎರಡು ವಾಲ್ಯೂಮ್ ಮಾತ್ರ. ಅಲ್ಲಿಗೆ ಸಕ್ಕರೆ ಮುಗಿಯುವುದರಿಂದ ಬಿಯರಿನ ಹಾಗೆಯೇ ತಾನಾಗಿ ನಿಲ್ಲುತ್ತದೆ. ಮದ್ಯಸಾರ ಶೇ ಅರ್ಧದ ಹತ್ತಿರ. ಬಾಟಲಿ ಎಷ್ಟು ದಿನ ಕೂತರೂ ಅದಕ್ಕಿಂತ ಏರದು. ಚಮಚ ಬೇಡ, ಅಕ್ಕಸಾಲಿಗರ ಹಾಗೆ ತೂಗಿ ಹಾಕಿ.

ಹೊಳೆದಂಡೆ (ಹರಿಹರ)

ಚಮಚದ ಮೇಲೆ ನಿಮಗೇಕೆ ಇಷ್ಟು ಕೋಪವೋ ತಿಳಿಯದು.

ವಿದ್ಯಾನಗರದ ಗೃಹಿಣಿ

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಒಂಬತ್ತು ಬಾಟಲಿಗಳನ್ನು ನಮ್ಮ ಮನೆಯವರು ಹೆಲ್ಮೆಟ್ ಹಾಕಿಕೊಂಡು ಹೊರಗೆ ತಂದರು. ಎದುರುಮನೆಯವರು ಬಾಂಬ್ ದಳದವರು ಬಂದಿದ್ದಾರೆಯೇ ಎಂದು ಕೇಳಿದರಂತೆ. ತಣಿಸಿ ತೆರೆದರೂ ಐದರಲ್ಲಿ ಬುರುಗು ಸೀಬೆಮರದ ಕೊಂಬೆಗೆ ತಾಗಿತು, ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿಯಿತು. ಉಳಿದ ನಾಲ್ಕು ಕುಡಿಯುವ ಹಾಗಿದ್ದವು, ಆದರೂ ಚೆಲ್ಲಿದೆವು.

ಹೊಸದಾಗಿ ಲೀಟರಿಗೆ 8 ಗ್ರಾಂ ತೂಗಿ, ಆರು ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿ, ದುರ್ಗದವರು ಹೇಳಿದಂತೆ ಟಬ್ಬು-ಗೋಣಿಯಲ್ಲಿ ಇಟ್ಟೆ. ಎರಡನೆಯ ಸಂಜೆ ಒತ್ತಿದಾಗ ತಗ್ಗುತ್ತಿದ್ದ ಬಾಟಲಿ ನಾಲ್ಕನೆಯ ದಿನ ಗಟ್ಟಿಯಾಯಿತು, ಆಮೇಲೆ ಒಂದು ವಾರ ಅಷ್ಟೇ ಗಟ್ಟಿ. ಒಂದನ್ನು ಬೇಕೆಂದೇ ಫ್ರಿಜ್ಜಿಗೆ ಹಾಕದೆ ಬಿಟ್ಟಿದ್ದೇನೆ, ಈಗಲೂ ಹಾಗೆಯೇ ಇದೆ. ಲೋಟದ ತಳಕ್ಕೆ ನಿಂಬೆ-ಸಕ್ಕರೆ ಪಾಕ ಹಾಕಿ ಮೇಲೆ ಇದನ್ನು ಓರೆಯಾಗಿ ಬಗ್ಗಿಸಿದರೆ ಶುಂಠಿಯ ಖಾರ ಮೊದಲಿಗಿಂತ ಚುರುಕಾಗಿದೆ.

ಅತ್ತೆಯವರು ಮಾತ್ರ, ಮೊದಲಿನದರ ಗುಣ ಇದಕ್ಕೆ ಬಂದಿಲ್ಲ, ಮಧ್ಯಾಹ್ನ ನಿದ್ದೆಯೇ ಹತ್ತುತ್ತಿಲ್ಲ ಎನ್ನುತ್ತಿದ್ದಾರೆ.